ಪೀಣ್ಯದಿಂದ ವೈಟ್‌ಫೀಲ್ಡಿಗೆ, ಬಸ್ಸಿನ ಪಕ್ಕದ ಸಂದಿಯಲ್ಲಿ

ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅರಸೀಕೆರೆಯಿಂದ ತಿಪಟೂರು, ತುಮಕೂರು ದಾಟಿ ಬರುವ ಈ ರಸ್ತೆ ನನಗೆ ಹೊಸದಲ್ಲ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಓಡಿಸಿದ್ದು ಇದೇ ರಸ್ತೆಯಲ್ಲಿ. ಆದರೆ ಅಷ್ಟು ವರ್ಷವೂ ಬೆಂಗಳೂರನ್ನು ನೋಡಿದ್ದು ಸ್ಟೇರಿಂಗ್ ಹಿಡಿದು, ಎತ್ತರದ ಸೀಟಿನಿಂದ. ಈ ಸಲ ನೋಡಿದ್ದು ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಿಂದ. ನಮ್ಮೂರಿನ ಗೆಳೆಯರು ಕೇಳಿದಾಗಲೆಲ್ಲ ಅಷ್ಟಿಷ್ಟು ಹೇಳುವುದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅನಿಸಿತು.

ಈ ಪ್ರಯಾಣಕ್ಕೆ ಕಾರಣ ಒಂದು ಜಗಳ. ನನ್ನ ತಂಗಿಯ ಮಗಳು ಕುಸುಮ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಯಂತ್ರದಿಂದ ಬಂದ ಬಿಡಿಭಾಗಗಳು ಅಳತೆಗೆ ಸರಿಯಾಗಿವೆಯೇ ಎಂದು ಪರೀಕ್ಷಿಸುವುದು ಅವಳ ಕೆಲಸ. ಆ ಕಂಪನಿಯ ಇನ್ನೊಂದು ಘಟಕ ವೈಟ್‌ಫೀಲ್ಡಿನ ಕಡೆ ಇರುವುದರಿಂದ ವಾರದಲ್ಲಿ ಎರಡು ಮೂರು ಸಲ ಊರಿನ ಈ ತುದಿಯಿಂದ ಆ ತುದಿಗೆ ಬೈಕಿನಲ್ಲೇ ಓಡಾಡುತ್ತಾಳೆ. ಹಬ್ಬಕ್ಕೆ ಊರಿಗೆ ಬಂದಿದ್ದಾಗ, ನಿಂತ ಕಾರು ಬಸ್ಸುಗಳ ಸಂದಿಯಲ್ಲಿ ತೂರಿಕೊಂಡು ಹೋಗದಿದ್ದರೆ ಬೆಂಗಳೂರಿನಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಸೇರುವುದಿಲ್ಲ ಅಂದಳು. ನನಗೆ ರೇಗಿಹೋಯಿತು. ಬಸ್ಸು ಓಡಿಸುವವನಿಗೆ ಎಡಗಡೆಯ ಸಂದಿ ಅಂದರೆ ಏನೆಂದು ಓಡಿಸಿದವನಿಗೇ ಗೊತ್ತು. "ಸಂದೀಲಿ ನುಗ್ಗೋರನ್ನೆಲ್ಲ ಹಿಡಿದು ಒಳಗೆ ಹಾಕ್ಬೇಕು" ಅಂದೆ.

ಅವಳು ಸಿಟ್ಟಾಗಲಿಲ್ಲ. "ವೈಟ್‌ಫೀಲ್ಡಲ್ಲಿ ಇದರ ಮೇಲೇ ಒಂದು ಸಭೆ ಇದೆ ಮಾವ. ಅಲ್ಲಿನ ನಿವಾಸಿಗಳು, ಕಾರ್ಖಾನೆಯವರು, ಟ್ರಾಫಿಕ್ ಪೊಲೀಸ್ ಸಾಹೇಬ್ರು ಎಲ್ಲಾ ಸೇರ್ತಾರೆ. ಸಂದೀಲಿ ಹೋಗೋ ಬೈಕುಗಳಿಗೆ ದಂಡ ಹಾಕ್ಬೇಕು ಅಂತ ಕೆಲವರು, ಬಿಡ್ಬೇಕು ಅಂತ ನಾವು. ಬೈಕಿನವರ ಪರವಾಗಿ ನಾನು ಮಾತಾಡ್ತೀನಿ. ಬಸ್ಸಿನವರ ಪರವಾಗಿ ನೀವು ಬನ್ನಿ" ಅಂದಳು. ಹೀಗೆ ಎದುರುಬದುರು ಮಾತಾಡಬೇಕಾದ ಇಬ್ಬರು ಒಂದೇ ಬೈಕಿನಲ್ಲಿ ಹೊರಟೆವು.

ಕ್ರಾಸಿನಲ್ಲಿ ಅವಳು ಕಪ್ಪು ಬೈಕು ನಿಲ್ಲಿಸಿಕೊಂಡು, ನನಗೊಂದು ಹೆಲ್ಮೆಟ್ಟು ಹಿಡಿದು ಕಾಯುತ್ತಿದ್ದಳು. ಮೇಲೆ ಮೆಟ್ರೋ ಹೋಗುತ್ತಿತ್ತು. ಅದನ್ನೇ ತೋರಿಸಿ, "ಇದರಲ್ಲಿ ಹೋದ್ರೆ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ತಣ್ಣಗೆ ವೈಟ್‌ಫೀಲ್ಡು ಸೇರಬಹುದಲ್ಲೇ?" ಅಂದೆ.

"ಸೇರಬಹುದು. ಆದ್ರೆ ನೀವು ಮಾತಾಡೋಕೆ ಹೋಗ್ತಿರೋದು ಬೈಕಿನ ಬಗ್ಗೆ ತಾನೆ? ಒಂದ್ಸಲ ಹಿಂದೆ ಕೂತು ನೋಡಿ, ಆಮೇಲೆ ಬೈರಿ."

ಹೆಲ್ಮೆಟ್ಟು ಇಸಿದುಕೊಂಡೆ. ಕೈಗಾರಿಕಾ ಪ್ರದೇಶದ ಮೂಲೆಯ ದರ್ಶಿನಿಯೊಂದರಲ್ಲಿ ಇಡ್ಲಿ ತಿಂದೆವು. ಸುತ್ತ ನಿಂತು ತಿನ್ನುತ್ತಿದ್ದವರೆಲ್ಲ ನೀಲಿ ಸಮವಸ್ತ್ರದವರು. ಹೊರಗೆ ಗ್ರೀಸಿನ ವಾಸನೆ, ಎಲ್ಲೋ ತಗಡು ಕತ್ತರಿಸುವ ಸದ್ದು. ಚಟ್ನಿ ನಮ್ಮ ಕಡೆಯದಕ್ಕಿಂತ ನೀರು, ಆದರೆ ಕಾಫಿ ಚೆನ್ನಾಗಿತ್ತು. ದಾರಿ ಮೂವತ್ತೈದು ಕಿಲೋಮೀಟರಿನಷ್ಟು, ಗೊರಗುಂಟೆಪಾಳ್ಯ, ಹೆಬ್ಬಾಳ, ಟಿನ್ ಫ್ಯಾಕ್ಟರಿ, ಹೂಡಿ ಅಂತ ಕುಸುಮ ಹೇಳಿದಳು. ಬೈಕು ಹತ್ತುವ ಮೊದಲು ನನ್ನ ಮಂಡಿಗಳನ್ನು ತೋರಿಸಿ, "ಇವನ್ನ ಒಳಗೆ ಒತ್ತಿಟ್ಕೊಳ್ಳಿ ಮಾವ. ನಾನು ವಾಲಿದ ಕಡೆ ನೀವೂ ವಾಲಿ. ಭಯ ಆದ್ರೆ ಭುಜ ತಟ್ಟಿ, ನಿಲ್ಲಿಸ್ತೀನಿ" ಅಂದಳು. ಬಸ್ಸಿನಲ್ಲಿ ಸಾವಿರಾರು ಜನರನ್ನು ಕೂರಿಸಿಕೊಂಡು ಹೋದವನು ನಾನು. ಯಾರಿಗೂ ಇಷ್ಟು ಅಕ್ಕರೆಯಿಂದ ಹೇಳಿಕೊಟ್ಟ ನೆನಪಿಲ್ಲ.

ಗೊರಗುಂಟೆಪಾಳ್ಯದಲ್ಲಿ ರಸ್ತೆ ಕಟ್ಟಿಹೋಗಿತ್ತು. ಲಾರಿ, ಬಸ್ಸು, ಕಾರು ಒಂದಕ್ಕೊಂದು ಅಂಟಿಸಿದ ಹಾಗೆ ನಿಂತಿದ್ದವು. ಕುಸುಮ ವೇಗ ತಗ್ಗಿಸಿ ಎರಡು ಸಾಲು ಕಾರುಗಳ ನಡುವೆ ಬೈಕು ತಿರುಗಿಸಿದಳು. ನಾನು ಕಣ್ಣು ಮುಚ್ಚಿಕೊಂಡೆ. ಎರಡೂ ಬದಿಯಿಂದ ಎಂಜಿನ್ನಿನ ಬಿಸಿ ಕಾಲಿಗೆ ತಾಕುತ್ತಿತ್ತು. ಭುಜ ತಟ್ಟಬೇಕು ಅಂದುಕೊಂಡೆ, ಮರ್ಯಾದೆ ಬಿಡಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು ನೋಡಿದರೆ ಅವಳು ಆಳು ನಡೆಯುವ ವೇಗದಲ್ಲಿ ಹೋಗುತ್ತಿದ್ದಾಳೆ. ಎರಡು ಬೆರಳು ಸದಾ ಬ್ರೇಕಿನ ಮೇಲೆ. ಪ್ರತಿ ಕಾರಿನ ಮುಂದಿನ ಚಕ್ರವನ್ನು ನೋಡುತ್ತಿದ್ದಳು, ಏಕೆಂದರೆ ಕಾರು ಯಾವ ಕಡೆ ತಿರುಗುತ್ತದೆಂದು ಮೊದಲು ಹೇಳುವುದು ಚಕ್ರವೇ. ಸಾಲು ಚಲಿಸಲು ಶುರುವಾದ ತಕ್ಷಣ ಒಂದು ಕಾರಿನ ಹಿಂದೆ ಸೇರಿಕೊಂಡು ಎಲ್ಲರಂತೆ ಹೋದಳು. ನಿಂತಾಗ ಮತ್ತೆ ಸಂದಿ. ಎರಡು ಲಾರಿಗಳ ನಡುವೆ ದಾರಿ ಬಿಟ್ಟಿದ್ದರೂ ಹೋಗಲಿಲ್ಲ. ಹಿಂದಿನಿಂದ ಒಬ್ಬ ಹಾರ್ನ್ ಮಾಡಿ, "ಏನ್ ಅಕ್ಕ, ಹೋಗಿ ಅತ್ಲಾಗೆ!" ಅಂತ ಕೂಗಿದರೂ ಕದಲಲಿಲ್ಲ.

ಮೆಚ್ಚಬೇಕಾದ್ದನ್ನು ಮೆಚ್ಚಲೇಬೇಕು. ಅಷ್ಟು ಅಚ್ಚುಕಟ್ಟಾಗಿ ಗಾಡಿ ಓಡಿಸುವವರನ್ನು ನಮ್ಮ ಡಿಪೋದಲ್ಲೂ ನಾನು ಹೆಚ್ಚು ಕಂಡಿಲ್ಲ. ಅವಳೊಬ್ಬಳೇ ಅಲ್ಲ. ನಮ್ಮ ಹಿಂದೆ ಮುಂದೆ ಇರುವೆ ಸಾಲಿನ ಹಾಗೆ ಬರುತ್ತಿದ್ದ ಬೈಕು, ಸ್ಕೂಟರುಗಳಲ್ಲಿ ಬಹಳಷ್ಟು ಜನ ಹಾಗೇ ಇದ್ದರು. ಮುಂದಿನವನು ನಿಂತರೆ ಕೈ ಎತ್ತಿ ಹಿಂದಿನವರಿಗೆ ತೋರಿಸುತ್ತಿದ್ದ. ನಾನು ಮೇಲಿನಿಂದ ನೋಡುವಾಗ ಬರೀ ಹೆಲ್ಮೆಟ್ಟುಗಳಾಗಿದ್ದವರು ಇಲ್ಲಿ ಮುಖಗಳಾಗಿದ್ದರು: ಟಿಫನ್ ಕ್ಯಾರಿಯರ್ ನೇತುಹಾಕಿಕೊಂಡವರು, ಪಾಳಿ ಮುಗಿಸಿ ಕಣ್ಣು ಕೆಂಪಾದವರು, ಹೊಸ ಕೆಲಸದ ಮೊದಲ ದಿನವೋ ಏನೋ, ಇಸ್ತ್ರಿ ಮಾಡಿದ ಅಂಗಿಗೆ ಕೊಳೆಯಾಗದಂತೆ ಕೂತವರು.

ಹೆಬ್ಬಾಳ ತಲುಪುವಷ್ಟರಲ್ಲಿ ನನ್ನ ಕಾಲು ಮರಗಟ್ಟಿತು. ಮೇಲ್ಸೇತುವೆಯ ಈಚೆ ಎಳನೀರಿನ ಗಾಡಿಯ ಬಳಿ ನಿಲ್ಲಿಸಿದಳು. ಅಲ್ಲೇ ನೆರಳಿನಲ್ಲಿ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ನಿಂತು ಟ್ರಾಫಿಕ್ ನೋಡಿಕೊಳ್ಳುತ್ತಿದ್ದರು. ನನ್ನ ವಯಸ್ಸು ನೋಡಿ, ಕಾಲು ನೀಡಿ ಕೂರಲು ತಮ್ಮ ಪ್ಲಾಸ್ಟಿಕ್ ಕುರ್ಚಿಯನ್ನೇ ಕೊಟ್ಟರು. ನಾನು ಬಂದ ಕಾರಣ ಹೇಳಿ, "ಸಂದೀಲಿ ಹೋಗೋರನ್ನ ನೀವ್ಯಾಕೆ ಹಿಡಿಯಲ್ಲ ಮೇಡಂ?" ಅಂತ ಕೇಳಿಯೇ ಬಿಟ್ಟೆ.

ಅವರು ನಕ್ಕರು. "ಎಲ್ಲಾರನ್ನೂ ಹಿಡಿದು ನಿಲ್ಸಿದ್ರೆ ಎಲ್ಲಿ ನಿಲ್ಲಿಸ್ಲಿ ಸಾರ್? ಅದೇ ಒಂದು ಜಾಮ್ ಆಗುತ್ತೆ. ಕ್ಯಾಮೆರಾ ಇದೆ, ನಂಬರ್ ಪ್ಲೇಟ್ ಹಿಡಿಯುತ್ತೆ. ಆದ್ರೆ ಹುಷಾರಾಗಿ ಬಂದೋನು ಯಾರು, ಹುಚ್ಚುಹುಚ್ಚಾಗಿ ಬಂದೋನು ಯಾರು ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ನಂಗೆ ಗೊತ್ತಾಗುತ್ತೆ."

"ಹೇಗೆ?"

"ನೋಡ್ತಿರಿ."

ನೋಡುತ್ತ ಕೂತೆ. ಸಾಲಾಗಿ ಬೈಕುಗಳು ಬಂದವು. ಅವರು ಕೈ ಬೀಸಿ ಮುಂದೆ ಕಳಿಸಿದರು. ಇದ್ದಕ್ಕಿದ್ದಂತೆ ಎರಡು ಹೆಜ್ಜೆ ಮುಂದೆ ಬಂದು, ಒಂದು ಬೈಕಿಗೆ ಮಾತ್ರ ಕೈ ಅಡ್ಡ ಹಿಡಿದರು. ಅವನು ಚಲಿಸುತ್ತಿದ್ದ ಕಾರುಗಳ ನಡುವೆ ಅತ್ತಿತ್ತ ಹೊಯ್ದಾಡಿಕೊಂಡು ಬಂದಿದ್ದ. ನನ್ನ ಕಣ್ಣಿಗೂ ಬಿದ್ದಿತ್ತು, ಆದರೆ ಅವರ ಕೈ ಮೇಲೆದ್ದ ನಂತರ. ಅವನು ವಾದ ಮಾಡಿದ: "ಎಲ್ಲಾರೂ ಬರ್ತಿದಾರಲ್ಲ ಮೇಡಂ, ನಾನೇನ್ ಮಾಡ್ದೆ?" ಅವರು ಧ್ವನಿ ಏರಿಸಲಿಲ್ಲ. "ಗಾಡಿಗಳು ನಿಂತಿದ್ದಾಗ ಅವರು ಬಂದ್ರು. ಓಡ್ತಿದ್ದಾಗ ನೀನು ಬಂದೆ. ಮನೇಲಿ ಯಾರಿದಾರೆ?" ಅಂತ ಕೇಳಿದರು. ಅವನು ತಲೆ ತಗ್ಗಿಸಿ ದಂಡ ಕಟ್ಟಿ ಹೋದ. ಸುಡುವ ಬಿಸಿಲಿನಲ್ಲಿ, ಆ ಹೊಗೆಯಲ್ಲಿ ನಿಂತು ಅಷ್ಟು ಸಮಾಧಾನವಾಗಿ ನ್ಯಾಯ ಹೇಳುವ ಆ ಹೆಂಗಸಿನ ಬಗ್ಗೆ ನನಗೆ ಬಹಳ ಗೌರವ ಮೂಡಿತು. ಕುರ್ಚಿ ವಾಪಸ್ಸು ಕೊಟ್ಟು ಕೈ ಮುಗಿದೆ.

ನಾಗವಾರ, ರಾಮಮೂರ್ತಿನಗರ ದಾಟಿದೆವು. ಟಿನ್ ಫ್ಯಾಕ್ಟರಿ ಸ್ಟಾಪಿನ ಹತ್ತಿರ ಬಂದಾಗ ರಸ್ತೆ ಮತ್ತೆ ನಿಂತಿತ್ತು. ಬಲಗಡೆ ಒಂದು ಸಿಟಿ ಬಸ್ಸು, ಅದರ ಎಡಕ್ಕೆ ಒಂದು ಬಿಳಿ ಕ್ಯಾಬು, ನಡುವೆ ಸಂದಿ. ಬೈಕುಗಳು ಒಂದರ ಹಿಂದೊಂದು ಅದರೊಳಗೆ ಹೋಗುತ್ತಿದ್ದವು. ಕುಸುಮ ಬಸ್ಸಿನ ಹಿಂಭಾಗದಲ್ಲೇ ಬೈಕು ನಿಲ್ಲಿಸಿದಳು. ಹೋಗಲೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಾಗ ನಮ್ಮ ಪಕ್ಕದಿಂದ ಒಂದು ಸ್ಕೂಟರು ಮುಂದೆ ಹೋಯಿತು. ಬಿಳಿ ಕೋಟನ್ನು ಮಡಿಸಿ ಬ್ಯಾಗಿನ ಮೇಲೆ ಕಟ್ಟಿಕೊಂಡಿದ್ದ ಹುಡುಗಿ.

ಅವಳು ಬಸ್ಸಿನ ಮುಂದಿನ ಬಾಗಿಲು ದಾಟಿದ್ದಳು. ಅಷ್ಟರಲ್ಲಿ ಕ್ಯಾಬಿನ ಬಲಗಡೆಯ ಬಾಗಿಲು ತೆರೆಯಿತು. ಜಾಮಿನಲ್ಲಿ ಕೂತು ಬೇಸತ್ತ ಪ್ರಯಾಣಿಕನೊಬ್ಬ ಇಳಿದು ನಡೆದು ಹೋಗೋಣವೆಂದು ಹಿಂದೆ ನೋಡದೆ ತೆರೆದಿದ್ದ. ಬಾಗಿಲು ಹ್ಯಾಂಡಲಿಗೆ ಬಡಿಯಿತು. ಸ್ಕೂಟರು ಬಲಕ್ಕೆ ಮಗುಚಿತು. ಹುಡುಗಿ ಜಾರಿ ಬಸ್ಸಿನ ಎಡ ಮೂಲೆಯ ಮುಂದೆ, ಬಂಪರಿನ ಕೆಳಗೇ ಅನ್ನುವಷ್ಟು ಹತ್ತಿರ ಬಿದ್ದಳು.

ಅದೇ ಗಳಿಗೆಗೆ ಮುಂದಿನ ಸಿಗ್ನಲ್ಲು ಬಿಟ್ಟಿತು. ಹಿಂದಿನಿಂದ ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತಿದರು.

ಬಸ್ಸಿನ ಚಾಲಕನಿಗೆ ಆ ಜಾಗ ಕಾಣುವುದಿಲ್ಲ. ನನಗೆ ಅದು ಯೋಚಿಸಿ ಗೊತ್ತಾದದ್ದಲ್ಲ, ಮೈಯಲ್ಲೇ ಇದ್ದ ವಿಷಯ. ಬೈಕಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಮರಗಟ್ಟಿದ್ದ ಕಾಲಿನಲ್ಲೇ ಓಡಿ, ಬಸ್ಸಿನ ತಗಡಿಗೆ ಎರಡೂ ಅಂಗೈಯಿಂದ ಬಡಿಯುತ್ತ, "ಹೋಲ್ಡಾನ್! ಹೋಲ್ಡಾನ್!" ಅಂತ ಕೂಗಿದೆ. ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಕೂಗುವ ಹಾಗೆ, ಎದೆಯ ಆಳದಿಂದ. ಬಸ್ಸು ಒಂದು ಸಲ ಮುಂದಕ್ಕೆ ತೂಗಿತು. ಬ್ರೇಕಿನ ಗಾಳಿ ಉಸ್ಸೆಂದಿತು. ನಿಂತಿತು.

ಹುಡುಗಿಯ ಕಾಲಿಗೂ ಬಂಪರಿಗೂ ನಡುವೆ ಒಂದು ಗೇಣು ಇತ್ತು.

ಯಾರೂ ಹೇಳದೆ, ಆ ಸಂದಿಯಲ್ಲಿದ್ದ ಬೈಕಿನವರೆಲ್ಲ ಗಾಡಿಗಳನ್ನು ಅಡ್ಡಡ್ಡ ನಿಲ್ಲಿಸಿ ಅವಳ ಸುತ್ತ ಬೇಲಿ ಕಟ್ಟಿದರು. ಕುಸುಮ ಬಸ್ಸಿನ ಮುಂದೆ ಕೈಯೆರಡೂ ಎತ್ತಿ ನಿಂತಿದ್ದಳು. ಹುಡುಗಿಯ ಹೆಸರು ಶಾಹೀನ್, ಮಹದೇವಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮಣಿಕಟ್ಟು ಊದಿಕೊಂಡಿತ್ತು, ಮಂಡಿ ತರಚಿಹೋಗಿತ್ತು. ಎದ್ದು ಕೂತು ಮೊದಲು ಕೇಳಿದ್ದು, "ಅಂಕಲ್, ನನ್ ಗಾಡಿ ಏನಾಯ್ತು?"

"ಗಾಡಿಗೇನಾಗಿಲ್ಲ ಕಣಮ್ಮಾ. ಕೈ ಅಲ್ಲಾಡಿಸ್ಬೇಡ."

"ಇದು ಮುರಿದಿದೆ ಅಂಕಲ್, ನಂಗೊತ್ತು" ಅಂದಳು, ಬೇರೆ ಯಾರದೋ ಕೈಯನ್ನು ಪರೀಕ್ಷೆ ಮಾಡಿದ ಹಾಗೆ.

ಬಾಗಿಲು ತೆರೆದ ಯುವಕ ಬಿಳಚಿಕೊಂಡಿದ್ದ. "ನಂದೇ ತಪ್ಪು, ನಾನು ನೋಡ್ಲಿಲ್ಲ" ಅಂತ ಒಂದೇ ಸಮನೆ ಹೇಳುತ್ತಿದ್ದ. ಶಾಹೀನ್, "ನಾನೂ ಅಲ್ಲಿ ಬರಬಾರ್ದಿತ್ತು" ಅಂದಳು. ಒಂದು ಆಟೋ ನಿಲ್ಲಿಸಿದೆವು. ಆ ಯುವಕನೇ ಅವಳ ಬ್ಯಾಗು ಹಿಡಿದುಕೊಂಡು ಜೊತೆಗೆ ಹತ್ತಿದ. ಆದರೆ ಮುಂದೆ ಮತ್ತೆ ಸಿಗ್ನಲ್ಲು ಬಿದ್ದಿತ್ತು, ಆಟೋ ಹೋಗುವುದೆಲ್ಲಿ? ಆಗ ನಾಲ್ಕೈದು ಬೈಕಿನವರು ಮುಂದೆ ಹೋಗಿ, ಒಂದೊಂದು ಕಾರಿನ ಗಾಜು ತಟ್ಟಿ, "ಅಣ್ಣ ಸ್ವಲ್ಪ ಎಡಕ್ಕೆ, ಮೇಡಂ ಸ್ವಲ್ಪ ಬಲಕ್ಕೆ" ಅನ್ನುತ್ತ ದಾರಿ ಬಿಡಿಸಿದರು. ಕದಲಲು ಜಾಗವಿಲ್ಲ ಅನ್ನುವಂತಿದ್ದ ರಸ್ತೆ ಇಬ್ಭಾಗವಾಗಿ ಆಟೋಗೆ ದಾರಿ ಕೊಟ್ಟಿತು.

ಬಸ್ಸಿನ ಚಾಲಕ ಇಳಿದು ಬಂದು ನನ್ನ ಕೈ ಹಿಡಿದುಕೊಂಡ. "ಆ ಕೂಗು ಕೇಳ್ತಿದ್ದಂಗೆ ಕಾಲು ತಾನಾಗೇ ಬ್ರೇಕಿಗೆ ಹೋಯ್ತು ಸಾರ್. ಯಾವ ಡಿಪೋ ನಿಮ್ದು?" ಅಂದ. ಅರಸೀಕೆರೆ ಅಂದೆ.

ಕುಸುಮ ಬೈಕನ್ನು ಪಕ್ಕಕ್ಕೆ ತಳ್ಳಿ ಫುಟ್‌ಪಾತಿನ ಮೇಲೆ ಕುಸಿದಳು. "ನಾನೂ ಅಲ್ಲಿ ಹೋಗೋಳಿದ್ದೆ ಮಾವ. ಇನ್ನೊಂದು ಗಳಿಗೆ ಆಗಿದ್ರೆ ಹೋಗ್ತಿದ್ದೆ, ಹಿಂದೆ ನಿಮ್ಮನ್ನ ಕೂರಿಸ್ಕೊಂಡು." ಹೆಲ್ಮೆಟ್ಟು ತೆಗೆದು ಮಡಿಲಲ್ಲಿಟ್ಟುಕೊಂಡು, "ನೀವೇ ಸರಿ. ಸಭೇಲಿ ನಾನೇನೂ ಮಾತಾಡಲ್ಲ" ಅಂದಳು.

ಬೆಳಿಗ್ಗೆ ಈ ಮಾತು ಕೇಳಿದ್ದರೆ ಗೆದ್ದೆ ಅಂದುಕೊಳ್ಳುತ್ತಿದ್ದೆನೇನೋ. ಆಗ ಗೆಲುವು ಅನಿಸಲಿಲ್ಲ. ಬೇಲಿ ಕಟ್ಟಿದವರು, ದಾರಿ ಬಿಡಿಸಿದವರು ಎಲ್ಲ ಸಂದಿಯಲ್ಲಿ ಬಂದವರೇ. ಅವರನ್ನೆಲ್ಲ ಹಿಡಿದು ಒಳಗೆ ಹಾಕಿ ಅಂತ ಹೇಗೆ ಹೇಳಲಿ? "ನೀನು ಮಾತಾಡ್ಲೇಬೇಕು. ಇವತ್ತು ನೋಡಿದ್ದನ್ನೂ ಸೇರಿಸಿ ಮಾತಾಡು. ನಾನೂ ಹಾಗೇ ಮಾಡ್ತೀನಿ" ಅಂದೆ. ಪಕ್ಕದ ಅಂಗಡಿಯಿಂದ ಮಜ್ಜಿಗೆ ತಂದುಕೊಟ್ಟೆ. ಕುಡಿದು, ಮುಖ ತೊಳೆದುಕೊಂಡು, ಹೆಲ್ಮೆಟ್ಟು ಹಾಕಿಕೊಂಡಳು. ಹೂಡಿಯವರೆಗೂ ಒಂದು ನೀರಿನ ಟ್ಯಾಂಕರಿನ ಹಿಂದೆ ಸಾಲಿನಲ್ಲೇ ಹೋದೆವು. ಟ್ಯಾಂಕರಿನಿಂದ ನೀರು ತೊಟ್ಟಿಕ್ಕಿ ನಮ್ಮ ಮುಂದಿನ ರಸ್ತೆ ಒದ್ದೆಯಾಗುತ್ತ ಹೋಯಿತು.

ವೈಟ್‌ಫೀಲ್ಡಿನ ಸಮುದಾಯ ಭವನ ಸೇರಿದಾಗ ಸಭೆ ಅರ್ಧ ಮುಗಿದಿತ್ತು. ಕಾರಿನವರು ಗೀಚಿಹೋದ ಬಾಗಿಲುಗಳ ಬಗ್ಗೆ ಹೇಳುತ್ತಿದ್ದರು, ಬೈಕಿನವರು ತಡವಾದರೆ ಕತ್ತರಿಸುವ ಸಂಬಳದ ಬಗ್ಗೆ. ಎರಡೂ ಕಡೆ ಧ್ವನಿ ಏರಿತ್ತು. ನಡುವೆ ಕೂತ ಟ್ರಾಫಿಕ್ ಅಧಿಕಾರಿ ಹಣೆ ಒತ್ತಿಕೊಳ್ಳುತ್ತಿದ್ದರು.

ಕುಸುಮ ಎದ್ದು ನಿಂತು ಟಿನ್ ಫ್ಯಾಕ್ಟರಿಯಲ್ಲಿ ಆದದ್ದನ್ನು ಆದ ಹಾಗೇ ಹೇಳಿದಳು. ಸದ್ದು ಅಡಗಿತು. "ಸಂದೀಲಿ ಹೋಗೋಕೆ ಬಿಡಿ ಅಂತ್ಲೇ ಈಗ್ಲೂ ಕೇಳ್ತೀನಿ. ಆದ್ರೆ ಗಾಡಿಗಳು ನಿಂತಾಗ ಮಾತ್ರ, ನಡೆಯೋ ವೇಗದಲ್ಲಿ. ಬಸ್ಸು ಲಾರಿ ಪಕ್ಕದಲ್ಲಿ ಬೇಡ. ಇಷ್ಟು ದಿನ ಇದು ನನ್ನ ಜಾಣತನ ಅಂದ್ಕೊಂಡಿದ್ದೆ. ಕೆಲವು ಸಲ ಬರೀ ಅದೃಷ್ಟ ಆಗಿತ್ತು" ಅಂದಳು.

ನಾನು ಬಸ್ಸಿನವನೆಂದು ಪರಿಚಯ ಮಾಡಿಕೊಂಡು ಹೇಳಿದೆ: "ಎಲ್ಲರಿಗೂ ದಂಡ ಹಾಕಿ ಅನ್ನೋಕೆ ಊರಿಂದ ಬಂದೆ. ಈಗ ಹಾಗನ್ನಲಾರೆ. ಹುಷಾರಾಗಿ ಹೋಗೋರನ್ನ ನನ್ನ ಕಣ್ಣಾರೆ ನೋಡ್ದೆ. ಆದ್ರೆ ಬಸ್ಸಿನ ಎಡ ಮೂಲೆ ನಮಗೆ ಕಾಣಲ್ಲ. ಅಲ್ಲಿಗೆ ಬರೋದನ್ನ ಮಾತ್ರ ಯಾವ ಕಾನೂನೂ ಒಪ್ಪಬಾರದು. ಹಿಂದೆ ನೋಡದೆ ಬಾಗಿಲು ತೆಗೆಯೋದೂ ಅಷ್ಟೇ ತಪ್ಪು." ಹೆಬ್ಬಾಳದ ಹೆಡ್ ಕಾನ್‌ಸ್ಟೇಬಲ್ ಬಗ್ಗೆಯೂ ಹೇಳಿದೆ. ಅಂಥವರನ್ನು ರಸ್ತೆಯಲ್ಲಿ ನಿಲ್ಲಿಸಿದರೆ ಈ ನಿಯಮ ನಡೆಯುತ್ತದೆ, ಕ್ಯಾಮೆರಾ ಒಂದರಿಂದಲೇ ಆಗದು ಅಂದೆ.

ಅಧಿಕಾರಿ ಮುಂದಿದ್ದ ಹಾಳೆಯಲ್ಲಿ ಏನೋ ಬರೆದುಕೊಂಡರು. "ಕಾನೂನು ಬದಲಾಯಿಸೋದು ನನ್ನ ಕೈಲಿಲ್ಲ. ಸಂದೀಲಿ ಹೋಗಬಹುದು ಅಂತ ನಾನು ಬರೆದುಕೊಡೋಕೂ ಆಗಲ್ಲ. ಆದ್ರೆ ನಮ್ಮ ಸಿಬ್ಬಂದಿ ಮೊದಲು ಯಾರನ್ನ ಹಿಡಿಯಬೇಕು ಅನ್ನೋದು ನನ್ನ ಕೈಲಿದೆ. ಬಸ್ಸಿನ ಎಡಗಡೆ ನುಗ್ಗೋರಿಂದ ಶುರು ಮಾಡ್ತೀವಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಆ ಮೂಲೆ ಕಾಣಲ್ಲ ಅಂದ್ರಲ್ಲ, ಅದನ್ನ ಇವರಿಗೆ ತೋರಿಸ್ತೀರಾ ಯಜಮಾನ್ರೇ?" ಅಂತ ಕೇಳಿದರು.

ಹೀಗೆ ನಾನು ಅಂದೇ ಹೊರಡಬೇಕಾದವನು ಉಳಿದುಕೊಂಡೆ. ಮರುದಿನ ಬೆಳಿಗ್ಗೆ ಕಾರ್ಖಾನೆಯೊಂದರ ಅಂಗಳಕ್ಕೆ ಸಿಬ್ಬಂದಿಯನ್ನು ಕರೆತರುವ ಬಸ್ಸೊಂದನ್ನು ತಂದು ನಿಲ್ಲಿಸಿದರು. ಬೈಕಿನವರು, ಪೊಲೀಸರು, ಕಾರಿನವರು ಸರದಿಯಲ್ಲಿ ಚಾಲಕನ ಸೀಟು ಹತ್ತಿ ಕೂತರು. ನಾನು ಎಡ ಮೂಲೆಯಲ್ಲಿ, ಬಂಪರಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ. ಹತ್ತಿದವರೆಲ್ಲ ಕನ್ನಡಿ ನೋಡುತ್ತಿದ್ದರು, ಬಗ್ಗುತ್ತಿದ್ದರು, ಸುಮ್ಮನೆ ಇಳಿದು ಬರುತ್ತಿದ್ದರು. ಯಾರಿಗೂ ನಾನು ಕಾಣಲಿಲ್ಲ.

ಕೊನೆಗೆ ಕುಸುಮ ಹತ್ತಿದಳು. ಮೇಲಿನಿಂದ ಅವಳ ಧ್ವನಿ ಬಂತು. "ಮಾವ, ಎಲ್ಲಿದ್ದೀರಾ?"

"ಇಲ್ಲೇ ಇದ್ದೀನಿ ಕಣಮ್ಮಾ. ನಿನ್ನ ಮುಂದೆನೇ."

ಅವಳು ಇಳಿದು ಬಂದು, ನನ್ನ ಕೈ ಹಿಡಿದು ಎಬ್ಬಿಸಿದಳು. ಅಂದು ಸಂಜೆ ನಾವಿಬ್ಬರೂ ಶಾಹೀನ್‌ಳನ್ನು ನೋಡಲು ಹೋದೆವು. ಕೈಗೆ ಪಟ್ಟಿ ಹಾಕಿದ್ದರು. ತನ್ನದೇ ಆಸ್ಪತ್ರೆಯಲ್ಲಿ ರೋಗಿಯಾಗಿ ಮಲಗುವುದು ನಾಚಿಕೆ ಅಂತ ನಗುತ್ತಿದ್ದಳು. ಬಾಗಿಲು ತೆರೆದಿದ್ದ ಯುವಕ ಬಂದು ಹೋಗಿದ್ದನಂತೆ. ಅವನು ಬಿಟ್ಟುಹೋದ ಕಿತ್ತಳೆ ಹಣ್ಣನ್ನು ನಮಗೂ ಕೊಟ್ಟಳು.

ಅದರ ಮರುದಿನ ಊರಿಗೆ ಹೊರಟೆ. ಜಾಲಹಳ್ಳಿ ಕ್ರಾಸಿನಲ್ಲಿ ಹತ್ತಿದ ತಿಪಟೂರಿನ ಬಸ್ಸಿನಲ್ಲಿ ಚಾಲಕನ ಎಡಗಡೆಯ ಮೊದಲ ಸೀಟೇ ಸಿಕ್ಕಿತು. ಚಾಲಕ ಚಿಕ್ಕ ವಯಸ್ಸಿನವನು, ಸಂದಿಯಲ್ಲಿ ಬರುವ ಬೈಕುಗಳನ್ನು ಬೈಯುತ್ತಲೇ ಓಡಿಸುತ್ತಿದ್ದ. ನನಗೆ ಸುಮ್ಮನಿರಲು ಆಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, "ಎಡಕ್ಕೆ ಒಬ್ಬಳು ಬರ್ತಿದಾಳೆ, ತಡಿ", "ಈಗ ಹೋದ, ಬಿಡು" ಅಂತ ಹೇಳುತ್ತ ಕೂತೆ.

ಅವನು ಒಮ್ಮೆ ತಿರುಗಿ ನೋಡಿ, "ಏನ್ ಯಜಮಾನ್ರೇ, ಕಂಡಕ್ಟರ್ ಕೆಲಸ ಬೇಕಾಗಿತ್ತಾ?" ಅಂದ. ಆದರೆ ದಾಸರಹಳ್ಳಿ ದಾಟುವ ಹೊತ್ತಿಗೆ ಪ್ರತಿ ಸಲ ಬಸ್ಸು ಕದಲಿಸುವ ಮೊದಲು ನನ್ನ ಕಡೆ ನೋಡಿ ಕಾಯತೊಡಗಿದ. ನೆಲಮಂಗಲ ದಾಟಿದ ಮೇಲೆ ರಸ್ತೆ ಖಾಲಿಯಾಯಿತು. ಹೇಳಲು ಯಾರೂ ಇರಲಿಲ್ಲ. ಆದರೂ ತುಮಕೂರಿನವರೆಗೆ ನಾನು ತಲೆ ಒಳಗೆ ಎಳೆದುಕೊಳ್ಳಲಿಲ್ಲ.